ಸೈಟಿನಾಗ ನಾವು, ಸಹಿ ಹಾಕೋರು ಬೇರೆ

ಹೋದ ರವಿವಾರ ಮಿರಜ ಜಂಕ್ಷನ್ ಹೊರಗ ಚಹಾದ ಗಾಡಿ ಹತ್ತಿರ ನಾವು ಆರು ಮಂದಿ ಕೂಡಿದ್ದೆವು. ಎಲ್ಲರೂ ಸಿವಿಲ್ ಓದಿದವರೇ. ಇಬ್ಬರದು ಡಿಪ್ಲೊಮಾ, ನಾಲ್ವರದು ಬಿ.ಇ. ಮೂವರು ಜತ್ತ ಕಡೆಯವರು, ಇಬ್ಬರು ಮಿರಜ ತಾಲೂಕಿನವರು, ಒಬ್ಬಾಕಿ ಅಕ್ಕಲಕೋಟದಾಕಿ. ಒಬ್ಬ ಪೈಪ್‌ಲೈನ್ ಕೆಲಸದಾಗ, ಇಬ್ಬರು ರಸ್ತೆ ಕೆಲಸದಾಗ, ಒಬ್ಬ ಕುಪವಾಡ ಎಂಐಡಿಸಿಯ ಶೆಡ್ ಕಟ್ಟೋರ ಹತ್ತಿರ. ಎಲ್ಲರಿಗೂ ಐದರಿಂದ ಒಂಬತ್ತು ವರ್ಷದ ಅನುಭವ. ಮಾತಿನ ನಡುವೆ ಒಂದು ಪ್ರಶ್ನೆ ಬಂತು: ನಿಮ್ಮ ಕಂಪನಿ ಸರ್ಕಾರದ ಜೊತೆ ಮಾಡಿಕೊಂಡ ಕರಾರುಪತ್ರವನ್ನು ನಮ್ಮೊಳಗೆ ಎಷ್ಟು ಮಂದಿ ಓದೇವಿ?

ಒಬ್ಬರೂ ಇಲ್ಲ. "ಅದು ಆಫೀಸಿನವರ ಕೆಲಸ ಬಿಡ್ರಿ" ಅಂದ ಒಬ್ಬ.

ಆಗ ಪೈಪ್‌ಲೈನ್ ಗೆಳೆಯ ತನ್ನ ಕಥೆ ಬಿಚ್ಚಿದ. ಅವನು ಒಬ್ಬ ಸಣ್ಣ ಸಬ್‌ ಕಾಂಟ್ರಾಕ್ಟರ್ ಕೈಕೆಳಗೆ ಸೈಟ್ ಇಂಜಿನಿಯರ್. ಒಂದು ಕಡೆ ರೈತರು ಅಗೆಯೋಕ ಬಿಡಲಿಲ್ಲ. ಪರಿಹಾರದ ರೊಕ್ಕ ಬಂದಿರಲಿಲ್ಲ, ಅವರದು ತಪ್ಪಲ್ಲ. ಒಂದೂವರೆ ತಿಂಗಳು ಜೆಸಿಬಿ, ಮಂದಿ, ಪೈಪು ಎಲ್ಲಾ ಖಾಲಿ ಬಿದ್ದವು. ಇವನು ದಿನಾ ಫೋನ್ ಮಾಡಿ ಹೇಳಿದ, ಫೋಟೊ ಕಳಿಸಿದ. ಬಿಲ್ಲಿನ ಹೊತ್ತಿಗೆ ಮೇಲಿನ ಕಂಪನಿ ಕೇಳಿದ್ದು ಒಂದೇ: ಲಿಖಿತ ನೋಟಿಸ್ ಎಲ್ಲಿ? ನೋಟಿಸ್ ಇಲ್ಲ. ಹಾಗಾಗಿ ಖಾಲಿ ಬಿದ್ದ ದಿನಗಳ ರೊಕ್ಕ ಇಲ್ಲ, ಕೆಲಸ ತಡವಾದದ್ದಕ್ಕೆ ಮೇಲಿಂದ ದಂಡ. ಸಬ್‌ ಕಾಂಟ್ರಾಕ್ಟರ್ ಕೈ ಎತ್ತಿದ, ಗೆಳೆಯನ ಮೂರು ತಿಂಗಳ ಪಗಾರ ಹೋಯಿತು. ಅದೇ ರೈತರ ತಕರಾರು ತೋರಿಸಿ ಮೇಲಿನ ಕಂಪನಿ ಮಾತ್ರ ಸರ್ಕಾರದಿಂದ ಅವಧಿ ವಿಸ್ತರಣೆ ಪಡೆದುಕೊಂಡಿತು. ಯಾಕಂದ್ರ ಅವರ ಆಫೀಸಿನಾಗ ಕರಾರು ಓದಿದ ಒಬ್ಬ ಮನುಷ್ಯ ಇದ್ದ.

ದೊಡ್ಡ ಯೋಜನೆಗಳಲ್ಲಿ ಬಳಕೆಯಾಗುವ ಫಿಡಿಕ್ ಅನ್ನೋ ಅಂತರರಾಷ್ಟ್ರೀಯ ಮಾದರಿ ಕರಾರು ಐತಿ. ಅದರ 1999ರ ಆವೃತ್ತಿಯಲ್ಲಿ 20.1ನೇ ಕಲಮು ಹೇಳೋದು ಇಷ್ಟೇ: ಹೆಚ್ಚುವರಿ ಸಮಯವೋ ಹಣವೋ ಬೇಕಿದ್ದರೆ, ಅಡಚಣೆ ಗೊತ್ತಾದ 28 ದಿನದೊಳಗೆ ನೋಟಿಸ್ ಕೊಡು, ಇಲ್ಲಾಂದ್ರೆ ನಿನ್ನ ಹಕ್ಕು ಹೋಯಿತು. ನಮ್ಮ ಸರ್ಕಾರಿ ಕರಾರುಗಳಲ್ಲಿ ದಿನದ ಲೆಕ್ಕ ಬೇರೆ ಇರಬಹುದು, ತತ್ವ ಅದೇ. ನಾಲ್ಕು ವರ್ಷದ ಬಿ.ಇ.ಯಲ್ಲಿ ಬೀಮಿನ ಬೆಂಡಿಂಗ್ ಮೊಮೆಂಟ್ ಕಲಿಸಿದರು, ಒಳ್ಳೇದು. ಈ ಒಂದು ಕಲಮು ಗೊತ್ತಿದ್ದರೆ ಗೆಳೆಯನ ಮನೆಯಾಗ ಮೂರು ತಿಂಗಳು ಒಲೆ ಸರಿಯಾಗಿ ಉರೀತಿತ್ತು.

ಅದಕ್ಕೇ ಈ ಸಲ ನಾವು ಬರೀತಿರೋದು ಕೆಲಸದಾಗಿರೋ ಸಿವಿಲ್ ಇಂಜಿನಿಯರ್‌ಗಳ ಎರಡನೇ ಓದಿನ ಬಗ್ಗೆ. ಮೂಲಸೌಕರ್ಯ ಇಂಜಿನಿಯರಿಂಗ್ ಮತ್ತು ನಿರ್ವಹಣೆ, ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅಂತ ಬೇರೆ ಬೇರೆ ಹೆಸರಿನಾಗ ಇದು ಸಿಗತೈತಿ. ಒಳಗಿರೋದು ಹೆಚ್ಚು ಕಡಿಮೆ ಒಂದೇ: ಯೋಜನೆಯ ವೇಳಾಪಟ್ಟಿ ಹಾಕೋದು, ಖರ್ಚಿನ ಅಂದಾಜು, ಟೆಂಡರು, ಕರಾರು, ತಕರಾರು ಮತ್ತು ಮಧ್ಯಸ್ಥಿಕೆ, ಭೂಸ್ವಾಧೀನ, ಪರಿಸರದ ಪರವಾನಗಿ, ಯೋಜನೆಗೆ ಹಣ ಹೊಂದಿಸೋದು, ಕಟ್ಟಿದ ಮೇಲೆ ಮೂವತ್ತು ವರ್ಷ ಅದನ್ನು ನಡೆಸೋದು.

ಕಟ್ಟೋದಕ್ಕೂ ನಡೆಸೋದಕ್ಕೂ ಇರೋ ಅಂತರ ತಿಳಿಯೋಕ ನಾವು ದೂರ ಹೋಗಬೇಕಾಗಿಲ್ಲ. ಮಿರಜದಿಂದ ಕಾಗವಾಡದ ಕಡೆ ಹೊರಟರೆ ಮ್ಹೈಸಾಳ ಬರತೈತಿ. ಅಲ್ಲಿ ಕೃಷ್ಣೆಯ ನೀರನ್ನು ಎತ್ತಿ, ಹಂತ ಹಂತವಾಗಿ ಪಂಪ್ ಮಾಡಿ ಪೂರ್ವಕ್ಕೆ ಕವಠೆ ಮಹಾಂಕಾಳ, ಜತ್ತ, ಆಚೆ ಸಾಂಗೋಲೆ, ಮಂಗಳವೇಡೆವರೆಗೆ ಒಯ್ಯುವ ಏತ ನೀರಾವರಿ ಯೋಜನೆ ಐತಿ. ಪಂಪ್‌ಹೌಸ್ ಕಟ್ಟಿದರು, ಕಾಲುವೆ ತೋಡಿದರು. ಆಮೇಲೆ ಏನಾಯಿತು? ಕರೆಂಟ್ ಬಿಲ್. ಬಿಲ್ಲು ಬಾಕಿ ಬಿದ್ದಾಗ ಪಂಪ್ ನಿಂತವು, ಕಾಲುವೆ ಒಣಗಿತು, ರೈತರು ರಸ್ತೆಗೆ ಬಂದರು. ನೀರು ಇಲ್ಲದ್ದಕ್ಕೆ ನಿಂತದ್ದಲ್ಲ, ಕಾಂಕ್ರೀಟ್ ಒಡೆದಿದ್ದಕ್ಕೂ ಅಲ್ಲ. ನೀರೆತ್ತುವ ಖರ್ಚನ್ನು ಯಾರು ಕೊಡಬೇಕು, ಹೆಂಗ ವಸೂಲಿ ಮಾಡಬೇಕು ಅನ್ನೋ ಲೆಕ್ಕ ಸರಿಯಾಗಿ ಕೂಡಿರಲಿಲ್ಲ. ಕಡೆಗೆ ಬಿಲ್ಲಿನಾಗ 81 ಪಾಲು ಸರ್ಕಾರದ್ದು, 19 ಪಾಲು ರೈತರದು ಅಂತ ಹಂಚಿಕೆ ಬಂತು. ಈಗ ಅದೇ ಯೋಜನೆಗೆ ಸೌರ ವಿದ್ಯುತ್ ಕೊಡೋಕ ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನ ಸಾಲ ಬಂದೈತಿ. 81 ಮತ್ತು 19ರ ಈ ಹಂಚಿಕೆ ಐತಲ್ಲ, ಅದು ಯಾವ ಸ್ಟ್ರಕ್ಚರ್ ಪುಸ್ತಕದಾಗೂ ಇಲ್ಲ. ಆದರೆ ನಮ್ಮ ಹೊಲಕ್ಕೆ ನೀರು ಬಿಡೋದು ಅದೇ.

ಜತ್ತ ಪೂರ್ವ ಭಾಗದ ನಮ್ಮ ಹಳ್ಳಿಗಳ ಮಾತು ಬೇರೆಯಾಗಿ ಹೇಳಬೇಕು. ಉಮದಿ, ಸಂಖ ಕಡೆಯವರಿಗೆ 2022ರ ನವೆಂಬರ್ ನೆನಪಿರಬೇಕು. ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಜತ್ತದ ಹಳ್ಳಿಗಳ ಹೆಸರು ಎತ್ತಿದ್ದೇ ತಡ, ಎರಡೂ ರಾಜ್ಯದ ಟಿವಿಯವರು ನಮ್ಮೂರಿಗೆ ಓಡಿ ಬಂದರು. ಅಲ್ಲೀತನಕ ಯಾರಿಗೂ ಬೇಡಾಗಿದ್ದ ಊರುಗಳು ಒಂದೇ ವಾರದಾಗ ಎಲ್ಲರಿಗೂ ಬೇಕಾದವು. ಅದಾದ ಮೇಲೆ 65 ಹಳ್ಳಿಗಳ ವಿಸ್ತರಿತ ಮ್ಹೈಸಾಳ ಯೋಜನೆ ಚುರುಕಾಯಿತು. ರಾಜಕೀಯ ಏನೇ ಇರಲಿ, ನೀರು ಬರಲಿ. ನಮ್ಮ ಪ್ರಶ್ನೆ ಬೇರೆ. ಆ ಪೈಪ್‌ಲೈನಿನ ಟೆಂಡರು ತಯಾರಿಸಿದವರಲ್ಲಿ, ವೇಳಾಪಟ್ಟಿ ಹಾಕಿದವರಲ್ಲಿ, ಮುಂದೆ ಅದನ್ನು ನಡೆಸೋರಲ್ಲಿ ಆ 65 ಹಳ್ಳಿಯ ಹುಡುಗ ಹುಡುಗಿಯರು ಎಷ್ಟು ಮಂದಿ? ಸೈಟಿನಾಗ ಟೇಪ್ ಹಿಡಿದು ನಿಂತವರು ನಮಗೆ ಗೊತ್ತು. ಎಂ.ಬಿ. ಬರೆದು ಮೇಲೆ ಕಳಿಸೋರೂ ಗೊತ್ತು. ಅದರಾಚೆ ನಮ್ಮ ಕಣ್ಣಿಗೆ ಯಾರೂ ಬೀಳಲಿಲ್ಲ.

ಭಾಷೆಯ ಮಾತು ಇಲ್ಲೇ ಬರತೈತಿ, ನಾವು ಎಳೆದು ತಂದದ್ದಲ್ಲ. ಭೂಸ್ವಾಧೀನದ ನೋಟಿಸ್ ಮರಾಠಿಯಲ್ಲಿ ಬರತೈತಿ. ಗುಡ್ಡಾಪುರ ಕಡೆಯ ಮುದುಕ ಅದನ್ನು ಯಾರ ಹತ್ತಿರ ಓದಿಸಬೇಕು? ಹೊಲದ ಮೂಲೆ ಕೆಳಗ ಪೈಪ್ ಹೋಗೋದಕ್ಕೂ, ಹೊಲವೇ ಹೋಗೋದಕ್ಕೂ ಇರೋ ವ್ಯತ್ಯಾಸವನ್ನು ಅವನ ಮಾತಿನಾಗ ಹೇಳೋ ಒಬ್ಬ ಇಂಜಿನಿಯರ್ ಇದ್ದರೆ ಒಂದೂವರೆ ತಿಂಗಳು ಕೆಲಸ ನಿಲ್ಲೋದು ಒಂದು ವಾರಕ್ಕೆ ಮುಗೀತಿತ್ತು. ಕಂಪನಿಗೂ ಲಾಭ, ರೈತನಿಗೂ ಲಾಭ. ಕನ್ನಡ, ಮರಾಠಿ, ಇಂಗ್ಲಿಷು ಮೂರೂ ಬರೋ ಸಿವಿಲ್ ಇಂಜಿನಿಯರ್ ಪುಣೆಯಲ್ಲಿ ಸಿಗೋದಿಲ್ಲ, ಬೆಂಗಳೂರಾಗೂ ಕಷ್ಟ. ಜತ್ತದಾಗ ಸಿಗತಾನ. ಆದರೆ ಇಂಟರ್‌ವ್ಯೂನಾಗ ನಮ್ಮ ಹುಡುಗರು ಕನ್ನಡ ಮಾಧ್ಯಮ ಅಂತ ಹೇಳೋಕ ತಲೆ ತಗ್ಗಸತಾರ. ಅದನ್ನು ಬಿಡ್ರಿ ಮೊದಲು.

ನಿರ್ವಹಣೆ ಅಂದ್ರ ಏನು ಅಂತ ಇನ್ನೂ ಅನುಮಾನ ಇದ್ದವರು ಮಿರಜ ಸ್ಟೇಷನ್‌ನ ನೀರಿನ ರೈಲು ನೆನೆಸಿಕೊಳ್ರಿ. 2016ರ ಏಪ್ರಿಲ್. ಲಾತೂರು ಬಾಯಾರಿತ್ತು. ನೀರು ಕೃಷ್ಣೆಯಲ್ಲಿತ್ತು. ನಡುವೆ ಮುನ್ನೂರು ಕಿಲೋಮೀಟರ್‌ಗಿಂತ ಹೆಚ್ಚು. ಹೊಸ ಅಣೆಕಟ್ಟು ಕಟ್ಟೋಕ ಸಮಯ ಎಲ್ಲಿತ್ತು? ವ್ಯಾಗನ್‌ಗಳನ್ನು ರಾಜಸ್ಥಾನದ ಕೋಟಾದಲ್ಲಿ ತೊಳೆಸಿ ತರಿಸಿದರು, ಮಿರಜದಲ್ಲಿ ನೀರು ತುಂಬೋಕ ಪೈಪ್ ಹಾಕಿದರು, ಲಾತೂರಿನಲ್ಲಿ ಇಳಿಸಿಕೊಳ್ಳೋಕ ವ್ಯವಸ್ಥೆ ಮಾಡಿದರು. ಮೊದಲ ರೈಲು 10 ವ್ಯಾಗನ್‌ನಾಗ ಸುಮಾರು 5 ಲಕ್ಷ ಲೀಟರ್ ಒಯ್ದಿತು, ಆಮೇಲೆ 50 ವ್ಯಾಗನ್‌ಗಳ ರೈಲು ಓಡಿತು. ಇದರಲ್ಲಿ ಹೊಸದಾಗಿ ಕಟ್ಟಿದ್ದು ಕಡಿಮೆ. ಇದ್ದ ಹಳಿ, ಇದ್ದ ನೀರು, ಇದ್ದ ವ್ಯಾಗನ್ ಮೂರನ್ನೂ ದಿನದ ಲೆಕ್ಕದಾಗ ಕೂಡಿಸಿದ್ದೇ ಕೆಲಸ.

ಸೆಪ್ಟೆಂಬರ್ 15 ಬಂತಂದ್ರ ನಾವೆಲ್ಲ ವಿಶ್ವೇಶ್ವರಯ್ಯನವರ ಫೋಟೊ ಹಾಕತೀವಿ. ಪೇಟ ಕಾಣತೈತಿ, ಕನ್ನಂಬಾಡಿ ಕಾಣತೈತಿ. ಅವರು ಇಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ, 1884ರಲ್ಲಿ ಕೆಲಸಕ್ಕೆ ಸೇರಿದ್ದು ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅನ್ನೋದು ಅಷ್ಟಾಗಿ ಕಾಣೋದಿಲ್ಲ. ಖಡಕವಾಸಲೆಯ ಸ್ವಯಂಚಾಲಿತ ಗೇಟು ಎಲ್ಲರಿಗೂ ಗೊತ್ತು. ಆದರೆ ದಖ್ಖನ್ನಿನ ಕಾಲುವೆಗಳಲ್ಲಿ ಅವರು ತಂದ ಬ್ಲಾಕ್ ಪದ್ಧತಿ ನಮಗೆ ಅದಕ್ಕಿಂತ ಮುಖ್ಯ ಅನಿಸತೈತಿ. ಹೊಲಗಳನ್ನು ಬ್ಲಾಕ್ ಮಾಡಿ, ಯಾವ ಬೆಳೆಗೆ ಯಾವಾಗ ನೀರು ಅಂತ ಸರದಿ ಹಾಕಿ, ಒಬ್ಬನೇ ಎಲ್ಲಾ ನೀರು ಕುಡಿಯದಂಗ ಮಾಡಿದ ಏರ್ಪಾಡು ಅದು. ಅದರಲ್ಲಿ ಒಂದು ಚೀಲ ಸಿಮೆಂಟೂ ಇಲ್ಲ.

ಇನ್ನು ಎಲ್ಲಿ ಓದಬೇಕು ಅನ್ನೋ ಮಾತು. ಸಾಂಗಲಿ ಅಂದ ಕೂಡಲೇ ವಿಶ್ರಾಮಬಾಗದ ವಾಲಚಂದ ಕಾಲೇಜು. 1947ರಲ್ಲಿ ಶುರುವಾದ ಕಾಲೇಜು, ಗೇಟ್ ಅಂಕ ಇದ್ದವರಿಗೆ ಎಂ.ಟೆಕ್ ಬಾಗಿಲು. ಇಸ್ಲಾಂಪುರದ ಹತ್ತಿರ ರಾಜಾರಾಮನಗರದ ಆರ್‌ಐಟಿ ಐತಿ. ಗೇಟ್ ಪಾಸಾಗಿ ಪೂರ್ಣಕಾಲಿಕ ಎಂ.ಟೆಕ್ ಸೇರಿದರೆ ಎಐಸಿಟಿಇ ತಿಂಗಳಿಗೆ 12,400 ರೂಪಾಯಿ ಕೊಡತೈತಿ, ಎರಡು ವರ್ಷ. ವಯಸ್ಸು 23-24, ಮನೆಯಾಗ ಬೇರೆಯವರ ದುಡಿಮೆ ಐತಿ ಅನ್ನೋರು ಇದನ್ನೇ ಮಾಡ್ರಿ. ಸೈಟಿನಾಗ ಕೊಡೋ ಪಗಾರಕ್ಕೂ ಇದಕ್ಕೂ ಬಾಳ ಅಂತರ ಇಲ್ಲ, ನಾಚಿಕೆಗೇಡು ಅದು, ಆದರೂ ನಿಜ.

ತೊಂದರೆ ಇರೋದು ಮೂವತ್ತರ ಆಸುಪಾಸಿನವರಿಗೆ. ಮದುವೆ ಆಗೈತಿ, ತಮ್ಮನ ಫೀ ಕಟ್ಟಬೇಕು, ಕೆಲಸ ಬಿಡೋಕ ಆಗೋದಿಲ್ಲ. ಇಂಥವರಿಗಾಗಿ ಎಐಸಿಟಿಇ 2023ರಲ್ಲಿ ಒಂದು ದಾರಿ ತೆರೆಯಿತು. ಕನಿಷ್ಠ ಒಂದು ವರ್ಷ ಕೆಲಸ ಮಾಡಿದವರು ನೌಕರಿ ಬಿಡದೇ ಓದಬಹುದು, ಕಾಲೇಜು ತರಗತಿಯ ವೇಳೆಯನ್ನು ಅವರಿಗೆ ಹೊಂದಿಸಿಕೊಡಬಹುದು. ಕೇಳೋಕ ಚಂದ ಐತಿ. ಆದರೆ ಅದರ ಜೊತೆ ಒಂದು ಷರತ್ತು ಬಂತು: ನೀನು ದುಡಿಯೋ ಜಾಗ ಕಾಲೇಜಿನಿಂದ 50 ಕಿಲೋಮೀಟರ್ ವೃತ್ತದ ಒಳಗಿರಬೇಕು. ಇಂಥ ನಿಯಮ ವರ್ಷವರ್ಷಕ್ಕೆ ತಿದ್ದುಪಡಿ ಆಗತಾವ, ಅರ್ಜಿ ಹಾಕೋ ವರ್ಷದ ಕೈಪಿಡಿಯನ್ನು ನೀವೇ ತೆಗೆದು ನೋಡ್ರಿ. ನಮ್ಮ ತಕರಾರು ಕಿಲೋಮೀಟರ್ ಎಷ್ಟು ಅನ್ನೋದಲ್ಲ, ವೃತ್ತ ಎಳೆಯೋ ಯೋಚನೆಯದು.

ನಕಾಶೆ ಮೇಲೆ ಸಾಂಗಲಿಯಲ್ಲಿ ಕೈವಾರದ ಮುಳ್ಳು ಊರಿ 50ರ ವೃತ್ತ ಎಳೀರಿ. ಮಿರಜ ಒಳಗೆ, ಕುಪವಾಡ ಒಳಗೆ. ಜತ್ತ ಪಟ್ಟಣ ನೇರ ಗೆರೆಯಲ್ಲೂ ಹೊರಗೆ. ಉಮದಿ, ಸಂಖ ಅಂತೂ ಕೇಳೋದೇ ಬ್ಯಾಡ. ಜಿಲ್ಲೆ ಒಂದೇ, ಜಿಲ್ಲಾ ಕೇಂದ್ರದ ಕಾಲೇಜು ಮಾತ್ರ ವೃತ್ತದಾಚೆ. ಉಮದಿಯವನಿಗೆ ಸಾಂಗಲಿಯ ಅರ್ಧ ದೂರದಾಗ ವಿಜಯಪುರ ಸಿಗತೈತಿ, ಅಲ್ಲಿ ಬಿಎಲ್‌ಡಿಇ ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜೂ ಐತಿ. ಆದರೆ ನಡುವೆ ರಾಜ್ಯದ ಗೆರೆ. ಕರ್ನಾಟಕದ ಸಿಇಟಿಯಲ್ಲಿ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜದ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಕಲಮು ಇರೋದು ನಮ್ಮವರಿಗೆ ಗೊತ್ತು, ಎಷ್ಟೋ ಮಂದಿ ಅದರಿಂದಲೇ ಬಿ.ಇ. ಮಾಡಿದರು. ಅದು ಹನ್ನೆರಡನೇ ತರಗತಿ ಮುಗಿಸಿದ ಹುಡುಗರ ಲೆಕ್ಕದಾಗ ಮಾಡಿದ್ದು. ಮೂವತ್ತು ವರ್ಷದ, ಕೆಲಸದಾಗಿರೋ ಗಡಿನಾಡ ಇಂಜಿನಿಯರನ್ನು ಈ ಕಡೆಯವರೂ ಆ ಕಡೆಯವರೂ ಕಲ್ಪನೆಯಲ್ಲೂ ಇಟ್ಟುಕೊಂಡಿಲ್ಲ.

ಇನ್ನೊಂದು ತಮಾಷೆ ನೋಡ್ರಿ. ಈ ವೃತ್ತದ ನಿಯಮ ಎಂಐಡಿಸಿಯಲ್ಲಿ ಒಂದೇ ಕಾರ್ಖಾನೆಗೆ ಇಪ್ಪತ್ತು ವರ್ಷ ಹೋಗೋರಿಗೆ ಸರಿ. ಸಿವಿಲ್‌ನವನ ಕೆಲಸದ ಜಾಗ ಯಾವುದು? ಈ ವರ್ಷ ಕವಠೆ ಮಹಾಂಕಾಳ, ಮುಂದಿನ ವರ್ಷ ಸಾಂಗೋಲೆ, ಆಮೇಲೆ ಎಲ್ಲಿಯೋ. ಕಂಪನಿಯ ನೋಂದಾಯಿತ ಆಫೀಸ್ ಪುಣೆಯಲ್ಲಿ. ಸೈಟ್ ಮುಗಿದ ಮೇಲೆ ಅವನು ಓದು ಬಿಡಬೇಕೋ, ಕೆಲಸ ಬಿಡಬೇಕೋ? ರಸ್ತೆ ಕಟ್ಟೋನಿಗೆ ಕಾಲೇಜು ಇಷ್ಟು ದೂರ ಅಂತ ಹೇಳೋದು, ಮೀನಿಗೆ ನೀರಿನ ಕಾರ್ಡ್ ಕೇಳಿದಂಗಾತು.

ಹಾಗಾದರೆ ದೂರಶಿಕ್ಷಣ? ಇಲ್ಲಿ ಕಾಲು ಜಾರೋದು ಜಾಸ್ತಿ, ಸ್ವಲ್ಪ ನಿಧಾನ ಓದ್ರಿ. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಪ್ರಕರಣದ ಒಂದು ಕಡೆ ಇದ್ದದ್ದು ಒಡಿಶಾದ ಏತ ನೀರಾವರಿ ನಿಗಮ, ನಮ್ಮ ಮ್ಹೈಸಾಳದಂಥದೇ ಕೆಲಸ ಮಾಡೋ ಸಂಸ್ಥೆ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಎಐಸಿಟಿಇ ಅನುಮತಿ ಇಲ್ಲದೇ ದೂರಶಿಕ್ಷಣದ ಮೂಲಕ ಕೊಟ್ಟ ಇಂಜಿನಿಯರಿಂಗ್ ಪದವಿಗಳಿಗೆ ಕೋರ್ಟ್ ಕತ್ತರಿ ಹಾಕಿತು. ಹಳೇ ತಂಡದವರು ಮತ್ತೆ ಪರೀಕ್ಷೆ ಬರೆದು ಪಾಸಾಗಬೇಕಾಯಿತು, ಆಮೇಲಿನವರ ಪದವಿಗಳೇ ರದ್ದಾದವು. ಅದನ್ನು ನಂಬಿ ಬಡ್ತಿ ಪಡೆದವರ ಗತಿ ಯೋಚಿಸ್ರಿ. ಇವತ್ತಿಗೂ "ಮನೆಯಲ್ಲೇ ಕುಳಿತು ಎಂ.ಟೆಕ್" ಅಂತ ಫೋನ್ ಮಾಡೋರು ಅದಾರ. ಬಿ.ಟೆಕ್, ಎಂ.ಟೆಕ್ ದೂರಶಿಕ್ಷಣದಾಗ ನಡೆಯೋದಿಲ್ಲ. ಫೋನ್ ಇಟ್ಟುಬಿಡ್ರಿ.

ದೂರದಿಂದ ಓದೋಕ ನಡೆಯೋದು ನಿರ್ವಹಣೆಯ ಡಿಪ್ಲೊಮಾ ಥರದ ಕೋರ್ಸು. ನಿರ್ಮಾಣ ಉದ್ಯಮದವರೇ ಸೇರಿ 1983ರಲ್ಲಿ ಹುಟ್ಟುಹಾಕಿದ ನಿಕ್ಮಾರ್ ಪುಣೆಯ ಬಾಲೇವಾಡಿಯಲ್ಲಿ ಐತಿ, ಈಗ ವಿಶ್ವವಿದ್ಯಾಲಯ ಆಗೈತಿ. ಕೆಲಸದಾಗಿರೋರಿಗೆ ಅಂತಲೇ ಬಹಳ ವರ್ಷದಿಂದ ದೂರಶಿಕ್ಷಣ ನಡೆಸಿಕೊಂಡು ಬಂದವರು. ಖಾಸಗಿ ಕಂಪನಿಗಳು ಆ ಹೆಸರಿಗೆ ಬೆಲೆ ಕೊಡತಾವ. ಆದರೆ ಡಿಪ್ಲೊಮಾ ಎಂ.ಟೆಕ್‌ಗೆ ಸಮ ಅಲ್ಲ. ಸರ್ಕಾರಿ ನೌಕರಿಯವರು ತಮ್ಮ ಇಲಾಖೆ ಯಾವುದನ್ನು ಒಪ್ಪತೈತಿ ಅಂತ ಬರವಣಿಗೆಯಲ್ಲಿ ಕೇಳಿಕೊಂಡೇ ಫೀ ಕಟ್ಟಬೇಕು. ಫೀ ಕಟ್ಟೋಕ ಸಾಲ ಬೇಕು ಅನ್ನೋರಿಗೆ ನಮ್ಮ ಸಲಹೆ: ಮೊದಲು ಎನ್‌ಪಿಟಿಇಎಲ್‌ನಾಗ ಐಐಟಿ ಪ್ರಾಧ್ಯಾಪಕರ ಪಾಠಗಳು ಪುಕ್ಕಟೆ ಅದಾವ, ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್, ಪ್ರಾಜೆಕ್ಟ್ ಪ್ಲಾನಿಂಗ್ ಎಲ್ಲಾ. ಮೂರು ತಿಂಗಳು ಅದನ್ನು ಕೇಳ್ರಿ. ಅಷ್ಟೂ ಕೂಡೋಕ ಆಗದಿದ್ದರೆ ಎರಡು ಲಕ್ಷ ಕಟ್ಟಿದರೂ ಕೂಡೋದಿಲ್ಲ ನೀವು.

ಓದಿದರೆ ಕೆಲಸ ಎಲ್ಲಿ ಅಂತ ಅಕ್ಕಲಕೋಟದ ತಂಗಿ ಕೇಳಿದಳು. ಸೈಟಿಗೆ ಹೆಣ್ಣುಮಕ್ಕಳು ಬ್ಯಾಡ ಅಂತ ಅವಳಿಗೆ ಎರಡು ಕಡೆ ಬಾಯಿ ಬಿಟ್ಟೇ ಹೇಳಿದಾರ. ನಮಗೆ ಗೊತ್ತಿದ್ದಷ್ಟು ಹೇಳಿದೆವು. ಪ್ಲಾನಿಂಗ್ ಇಂಜಿನಿಯರ್, ಬಿಲ್ಲಿಂಗ್, ಕರಾರು ವಿಭಾಗ, ಇವೆಲ್ಲ ಸೈಟಿನ ಹುದ್ದೆಗಿಂತ ಪಗಾರ ಚಲೋ ಇರೋವು. ಹೈಬ್ರಿಡ್ ಆ್ಯನ್ಯುಯಿಟಿ ಪದ್ಧತಿಯ ಹೆದ್ದಾರಿಗಳನ್ನೇ ತಗೊಳ್ರಿ: ಸರ್ಕಾರ ಕಟ್ಟೋವಾಗ ಖರ್ಚಿನ 40 ಪಾಲು ಕೊಡತೈತಿ, ಉಳಿದ 60 ಪಾಲನ್ನು ಮುಂದಿನ 15 ವರ್ಷ ಕಂತಿನಾಗ ಕೊಡತೈತಿ. ಅಷ್ಟು ವರ್ಷ ರಸ್ತೆ ಚಲೋ ಇಡೋದು ಗುತ್ತಿಗೆದಾರನ ಹೊಣೆ. ಅಂದ್ರ ರಸ್ತೆ ಉದ್ಘಾಟನೆ ಆದ ಮೇಲೂ 15 ವರ್ಷದ ಕೆಲಸ ಉಳಿದೈತಿ. ಕಟ್ಟೋದಷ್ಟೇ ಬಲ್ಲವನು ಉದ್ಘಾಟನೆ ದಿನ ಮನೆಗೆ ಹೋಗತಾನ.

ಸಾಂಗಲಿಯ ಪೂರವನ್ನೂ ಮರೀಬಾರದು. 2019ರ ಆಗಸ್ಟ್‌ನಾಗ ಐರ್ವಿನ್ ಪುಲಿನ ಹತ್ತಿರ ನೀರು 57 ಅಡಿ ದಾಟಿತು. ಅಪಾಯದ ಮಟ್ಟ 45. ಪ್ರತಿ ಮಳೆಗಾಲ ಇಲ್ಲಿ ಕೆಲಸ ಮಾಡೋ ಕನ್ನಡದ ಹುಡುಗರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ: "ನಿಮ್ಮ ಆಲಮಟ್ಟಿ ನಮ್ಮನ್ನು ಮುಳಗಸ್ತದಲ್ಲ?" ಆಲಮಟ್ಟಿಯ ಗೇಟು ನಾವೇ ಹಿಡಕೊಂಡು ನಿಂತಂಗ ಕೇಳತಾರ! ನಾವು ನಕ್ಕು ಸುಮ್ಮನಾಗತೀವಿ, ಇಲ್ಲಾ ಜಗಳಕ್ಕೆ ನಿಲ್ಲತೀವಿ. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡನೇರೆ ಸಮಿತಿ 2019ರ ಪೂರಕ್ಕೆ ಆಲಮಟ್ಟಿ ಕಾರಣ ಅಲ್ಲ ಅಂತ ಹೇಳಿತ್ತು. ಅದನ್ನು ಉತ್ತರವಾಗಿ ಎಸೆಯೋದು ಸುಲಭ. ಆದರೆ ಅಣೆಕಟ್ಟಿನ ಎತ್ತರ 519.60ರಿಂದ 524.256 ಮೀಟರ್‌ಗೆ ಏರಿದರೆ ಹಿನ್ನೀರಿನ ಲೆಕ್ಕ ಏನಾಗತೈತಿ ಅನ್ನೋದನ್ನು ಎರಡೂ ಕಡೆಯ ವರದಿ ಇಟ್ಟುಕೊಂಡು, ಭಾಷೆ ನೋಡದೇ, ಅಂಕಿ ನೋಡಿ ಹೇಳೋ ಒಬ್ಬ ಮನುಷ್ಯ ಈ ನದಿಗೆ ಬೇಕು. ಎರಡೂ ದಂಡೆಯ ಭಾಷೆ ಬಲ್ಲವರು ನಾವೇ ಅಲ್ಲೇನ್ರಿ?

ಸಾಂಗಲಿ-ಮಿರಜದ ಕಾಲೇಜುಗಳಿಗೆ ನಾವು ಅರ್ಜಿ ಬರೀತಿದ್ದೀವಿ. ಕೇಳೋದು ಎರಡೇ. ಕೆಲಸದಾಗಿರೋ ಸಿವಿಲ್‌ನವರಿಗೆ ಶನಿವಾರ-ರವಿವಾರದ ಎಂ.ಟೆಕ್ ತರಗತಿಗೆ ಅನುಮತಿ ತರ್ರಿ. ಸೈಟ್ ಬದಲಾದರೆ ಓದು ಮುರಿಯದಂಗ, ಕೆಲಸದ ಜಾಗದ ಬದಲು ಜಿಲ್ಲೆಯ ಹಿಡಿದು ಲೆಕ್ಕ ಮಾಡ್ರಿ ಅಂತ ಎಐಸಿಟಿಇಗೆ ನೀವೂ ಬರೀರಿ. ಅದೇ ಅರ್ಜಿಯ ಒಂದು ಪ್ರತಿ ವಿಜಯಪುರಕ್ಕೂ ಹೋಗತೈತಿ. ಅರ್ಜಿಯನ್ನು ಮರಾಠಿ, ಕನ್ನಡ, ಇಂಗ್ಲಿಷು ಮೂರರಾಗೂ ಬರೆದೀವಿ. ಸಹಿ ಹಾಕೋರಿಗೆ ಡಿಪ್ಲೊಮಾ ಆಗಲಿ ಬಿ.ಇ. ಆಗಲಿ ಇರಬೇಕು, ಸೈಟಿನ ಮಣ್ಣು ತುಳಿದಿರಬೇಕು, ಅಷ್ಟೇ.

ಮುಂದಿನ ರವಿವಾರ ಮುಂಜಾನೆ ಹತ್ತಕ್ಕೆ ಮತ್ತೆ ಅದೇ ಚಹಾದ ಗಾಡಿ. ಪೈಪ್‌ಲೈನ್ ಗೆಳೆಯ ತನ್ನ ಕೆಲಸದ ಕರಾರಿನ ಪ್ರತಿ ಹೆಂಗೋ ಸಂಪಾದಿಸ್ಯಾನ, 140 ಪುಟ ಅದಾವ. ಒಬ್ಬೊಬ್ಬರಿಗೆ ಇಪ್ಪತ್ತು ಪುಟ ಹಂಚಿಕೊಂಡೀವಿ. ಏಳನೇ ಪಾಲಿಗೆ ಇನ್ನೂ ಮಂದಿ ಸಿಕ್ಕಿಲ್ಲ.